ಮಗಳಿಗೊಂದು ಪತ್ರ: ಯೋ ತಂದ ವಿದ್ಯೆ

ಪ್ರೀತಿಯ ಪುಟ್ಟಿ,

ಚಿಂಪಾಂಜಿಗಳಿಗೂ ಸಂಪ್ರದಾಯ ಇರುತ್ತಾ, ಅದೆಲ್ಲ ಬರೀ ಹುಟ್ಟುಗುಣ ಅಲ್ವಾ ಅಂತ ಮೊನ್ನೆ ಕೇಳಿದ್ದೆಯಲ್ಲ. ಫೋನಿನಲ್ಲಿ ಮುಗಿಯುವ ಮಾತಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ. ಖಂಡಿತ ಇದೆ. ನಂಬಿಕೆ ಬರಬೇಕಾದರೆ ಯೋ ಎಂಬ ಹೆಣ್ಣು ಚಿಂಪಾಂಜಿಯ ಕಥೆ ಕೇಳು.

ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ಬೊಸ್ಸು ಅಂತ ಒಂದು ಊರು. ಅದರ ಪಕ್ಕದ ಗುಡ್ಡಗಳಲ್ಲಿ ಚಿಂಪಾಂಜಿಗಳ ಒಂದು ಸಣ್ಣ ಗುಂಪಿದೆ. ಎಣ್ಣೆತಾಳೆಯ ಗಟ್ಟಿ ಬೀಜವನ್ನು ಒಂದು ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಕುಟ್ಟಿ, ಒಳಗಿನ ತಿರುಳು ತಿನ್ನುತ್ತವೆ. ಬಲಗೈಯಲ್ಲಿ ಕುಟ್ಟುವ ಚಿಂಪಾಂಜಿ ಯಾವಾಗಲೂ ಬಲಗೈಯಲ್ಲೇ ಕುಟ್ಟುತ್ತದೆ, ಎಡಗೈಯದು ಎಡಗೈಯಲ್ಲೇ. ಮರಿಗೆ ಯಾರೂ ಕೈಹಿಡಿದು ಕಲಿಸುವುದಿಲ್ಲ. ಅದು ಅಮ್ಮನ ಪಕ್ಕ ಕೂತು ನೋಡುತ್ತದೆ. ಅಮ್ಮ ಕಷ್ಟಪಟ್ಟು ಒಡೆದ ತಿರುಳನ್ನೇ ಎತ್ತಿ ಬಾಯಿಗೆ ಹಾಕಿಕೊಂಡರೂ ಅವಳು ಗದರುವುದಿಲ್ಲ. ಬೀಜವನ್ನು ಕೈಯಿಂದ ಬಡಿಯುತ್ತದೆ, ಕಲ್ಲನ್ನು ಸುಮ್ನೆ ಉರುಳಿಸುತ್ತದೆ, ಬಿಟ್ಟು ಹೋಗಿ ಮತ್ತೆ ಬರುತ್ತದೆ. ಮೂರರಿಂದ ಐದು ವರ್ಷದೊಳಗೆ ವಿದ್ಯೆ ಕೈಗೆ ಹತ್ತುತ್ತದೆ. ಆ ವಯಸ್ಸು ದಾಟಿದರೆ ಕಲಿಯುವುದು ಬಹಳ ಕಷ್ಟ. ಅಷ್ಟು ವರ್ಷ ಕಾಯುವ ಆ ಅಮ್ಮಂದಿರ ತಾಳ್ಮೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ.

1990ರ ದಶಕದಲ್ಲಿ ಜಪಾನಿನ ಸಂಶೋಧಕ ತೆತ್ಸುರೊ ಮಾತ್ಸುಜಾವಾ ಮತ್ತು ಅವರ ತಂಡದವರು ಬೊಸ್ಸುವಿನಲ್ಲಿ ಬೆಳೆಯದ ಕೂಲಾ ಎಂಬ ಕಾಯಿ ತಂದಿಟ್ಟರು. ದೊಡ್ಡವು ಮೂಸಿ ನೋಡಿ ಸುಮ್ಮನಾದವು. ಯೋ ಮಾತ್ರ ತಡಮಾಡದೆ ಎತ್ತಿ ಕಲ್ಲಿನ ಮೇಲಿಟ್ಟು ಒಡೆದು ತಿಂದಳು! ಚಿಂಪಾಂಜಿಗಳಲ್ಲಿ ಸಾಮಾನ್ಯವಾಗಿ ಬೆಳೆದ ಹೆಣ್ಣುಗಳೇ ಹುಟ್ಟಿದ ಗುಂಪು ಬಿಟ್ಟು ಬೇರೆ ಗುಂಪು ಸೇರುವುದು. ಯೋ ಕೂಲಾ ಬೆಳೆಯುವ ಕಾಡಿನಿಂದ ಬಂದವಳು, ಅಲ್ಲೇ ಕಲಿತಿದ್ದಳು ಅಂತ ಸಂಶೋಧಕರು ಊಹಿಸಿದರು. ಎಳೆಯವು ಅವಳ ಹತ್ತಿರ ಬಂದು ನೋಡಿದವು, ಕಲಿತೂ ಬಿಟ್ಟವು.

ಇದಕ್ಕೆ ತಿರುಗಾಮುರುಗಾ ಆಗುವುದೂ ಉಂಟು. ಐವರಿ ಕೋಸ್ಟಿನ ಟಾಯ್ ಕಾಡಿನಲ್ಲಿ ಅಕ್ಕಪಕ್ಕದ ಗುಂಪುಗಳು ಇದೇ ಕೂಲಾ ಒಡೆಯುತ್ತವೆ. ಒಂದು ಗುಂಪು ಋತು ಮುಗಿಯುವವರೆಗೂ ಜಾಸ್ತಿ ಕಲ್ಲನ್ನೇ ಹಿಡಿಯುತ್ತದೆ. ಪಕ್ಕದವು, ಕಾಯಿ ಒಣಗಿ ಒಡೆಯುವುದು ಸುಲಭವಾಗುತ್ತಿದ್ದಂತೆ, ಮರದ ತುಂಡಿಗೆ ಬದಲಾಗುತ್ತವೆ. ಹೊಸದಾಗಿ ಸೇರಿದ ಹೆಣ್ಣು ತವರಿನ ರೂಢಿ ಬಿಟ್ಟು ಸೇರಿದ ಗುಂಪಿನದನ್ನೇ ಹಿಡಿಯುತ್ತದೆ. ಇದನ್ನು ಸೋಲು ಅಂತ ನಾನು ಅಂದುಕೊಳ್ಳುವುದಿಲ್ಲ. ಹುಟ್ಟುಗುಣವೇ ಆಗಿದ್ದರೆ ಹೀಗೆ ಬಿಡಲು ಬರುತ್ತಿತ್ತಾ, ಹೇಳು?

ಕಲಿತದ್ದು ಕೈಯಿಂದ ಕೈಗೆ ದಾಟುವುದಾದರೆ, ಕೈಗಳೇ ಇಲ್ಲವಾದಾಗ ಅದೂ ಹೋಗುತ್ತದೆ. ನನಗೆ ಸಂಕಟವಾಗುವುದು ಇಲ್ಲೇ. 2003ರಲ್ಲಿ ಬೊಸ್ಸುವಿನಲ್ಲಿ ಉಸಿರಾಟದ ಕಾಯಿಲೆ ಹರಡಿ ಐದು ಚಿಂಪಾಂಜಿಗಳು ತೀರಿಕೊಂಡವು. ಇಪ್ಪತ್ತರ ಆಸುಪಾಸಿನಲ್ಲಿದ್ದ ಗುಂಪು ಈಗ ಬೆರಳೆಣಿಕೆಗೆ ಇಳಿದಿದೆ. ಚಿಂಪಾಂಜಿಗಳಿರುವ ಹತ್ತಿರದ ನಿಂಬಾ ಬೆಟ್ಟಕ್ಕೂ ಬೊಸ್ಸುವಿಗೂ ನಡುವೆ ಬರೀ ಹುಲ್ಲುಬಯಲು, ಹೊಸ ಹೆಣ್ಣುಗಳು ದಾಟಿ ಬರುವುದಿಲ್ಲ. ಅದಕ್ಕೇ 1997ರಿಂದ ಆ ಬಯಲಿನಲ್ಲಿ ಸಸಿ ನೆಡುತ್ತಾ ಬಂದಿದ್ದಾರೆ. ಯೋ ಥರದ ಇನ್ನೊಬ್ಬಳು ಬರಬೇಕಾದರೆ ಮೊದಲು ಅವಳಿಗೆ ನಡೆದು ಬರಲು ಮರಗಳ ನೆರಳು ಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ