ಮಗಳಿಗೊಂದು ಪತ್ರ: ಮೊದಲು ಬ್ರೇಕು, ಆಮೇಲೆ ಎಂಜಿನ್

ಪ್ರೀತಿಯ ಮಗಳಿಗೆ,

ನಿನ್ನ ಪತ್ರ ತಲುಪಿತು. ನಮ್ಮ ಹಳೆಯ ಮಾರಿಸ್ ಮೈನರ್ ಕಾರಿನ 948 ಸಿಸಿ ಎಂಜಿನ್ ಇಳಿಸಿ, ಅದರ ಜಾಗದಲ್ಲಿ 1275 ಸಿಸಿಯದನ್ನು ಕೂರಿಸೋಣವೆಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಸಿಟ್ಟು ಬಂದಿತ್ತು. ಎರಡನೆಯ ಸಲ ಓದುವಾಗ ಆ ಸಿಟ್ಟಿಗೆ ಆಧಾರವಿಲ್ಲವೆಂದು ಗೊತ್ತಾಯಿತು. ಆರು ವರ್ಷ ಷೆಡ್ಡಿನ ನೆಲದ ಮೇಲೆ ಅಂಗಾತ ಮಲಗಿ ಅದರ ಹೊಟ್ಟೆಯ ತುಕ್ಕು ಕೆರೆದವಳು ನಾನೆಂಬ ಹಮ್ಮು ಸಿಟ್ಟಿನ ವೇಷದಲ್ಲಿ ಬಂದಿತ್ತು, ಅಷ್ಟೆ. ನಿನ್ನ ಮಾತಿಗೆ ಒಪ್ಪಿದ್ದೇನೆ. ಆದರೆ ಕೆಲಸದ ಕ್ರಮವನ್ನು ನಾನು ಹೇಳುತ್ತೇನೆ, ಅದನ್ನು ಹಿಂದುಮುಂದು ಮಾಡಲು ಬಿಡುವುದಿಲ್ಲ. ಮೊದಲು ಬ್ರೇಕು, ಆಮೇಲೆ ಎಂಜಿನ್.

ಹಳೆಯ ಕಾರಿನ ಒಂದು ಸ್ಕ್ರೂ ಕೂಡ ಬದಲಾಗಬಾರದು ಎನ್ನುವವರ ಮಾತು ನನಗೆ ಎಂದೂ ಪೂರ್ತಿ ಹಿಡಿಸಿಲ್ಲ. ಈ ಕಾರಿನ ಮಟ್ಟಿಗಂತೂ ಆ ವಾದ ನಿಲ್ಲುವುದೇ ಇಲ್ಲ. 1948ರಲ್ಲಿ ಕಾರು ಜನರೆದುರು ಬರುವ ಮುನ್ನ ಅದರ ವಿನ್ಯಾಸಕ ಅಲೆಕ್ ಇಸಿಗೊನಿಸ್ ಅವರಿಗೆ ಅದು ತೀರಾ ಕಿರಿದಾಗಿ ಕಂಡಿತು. ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ಅಷ್ಟಷ್ಟೇ ದೂರ ಸರಿಸುತ್ತ ನೋಡಿ, ಕೊನೆಗೆ ನಡುವೆ ನಾಲ್ಕು ಇಂಚು ಸೇರಿಸಿದರು. ಬಾನೆಟ್ಟಿನ ನಡುವೆ ಉದ್ದಕ್ಕೂ ಇರುವ, ಚಿಕ್ಕಂದಿನಲ್ಲಿ ನೀನು ಬೆರಳಾಡಿಸುತ್ತಿದ್ದ ಆ ಅಗಲವಾದ ಪಟ್ಟಿ ಅದೇ ನಾಲ್ಕು ಇಂಚಿನ ಗುರುತು. ಇನ್ನು ಎಂಜಿನ್ನಿನ ಕಥೆಯನ್ನೇ ನೋಡು: ಮೊದಲು 918 ಸಿಸಿಯ ಸೈಡ್ ವಾಲ್ವ್ ಎಂಜಿನ್, 1952ರಿಂದ 803 ಸಿಸಿಯ ಎ ಸೀರೀಸ್, 1956ರಲ್ಲಿ ನಮ್ಮ 948, 1962ರಲ್ಲಿ 1098. ಕಾರ್ಖಾನೆಯೇ ಇಷ್ಟು ಸಲ ಬದಲಾಯಿಸಿರುವಾಗ, ಅದೇ ಎ ಸೀರೀಸ್ ವಂಶದ 1275 ಬಂದರೆ ಮನೆಗೆ ಹೊರಗಿನವರು ಬಂದಂತಾಗುವುದಿಲ್ಲ.

ಹಾಗಾದರೆ ಬ್ರೇಕಿನ ಬಗ್ಗೆ ಇಷ್ಟು ಹಟವೇಕೆ ಎಂದು ನೀನು ಕೇಳಬಹುದು. ಗಂಟೆಗೆ 50 ಕಿಲೋಮೀಟರಿನಲ್ಲಿ ಓಡುವ ಕಾರನ್ನು ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಾಖಕ್ಕಿಂತ 100ರಲ್ಲಿ ಓಡುವುದನ್ನು ನಿಲ್ಲಿಸುವಾಗ ನುಂಗಬೇಕಾದ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನಮ್ಮ ಕಾರಿನ ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕು. ಮುಂದಿನ ಒಂದೊಂದು ಡ್ರಮ್ಮಿನಲ್ಲೂ ಎರಡೆರಡು ವೀಲ್ ಸಿಲಿಂಡರ್‌ಗಳಿದ್ದು, ಚಕ್ರದ ತಿರುಗಾಟವೇ ಎರಡೂ ಶೂಗಳನ್ನು, ಅಂದರೆ ಒಳಗಿನಿಂದ ಉಜ್ಜುವ ಪಟ್ಟಿಗಳನ್ನು, ಡ್ರಮ್ಮಿಗೆ ಇನ್ನಷ್ಟು ಎಳೆದು ಒತ್ತುವಂತೆ ಅವನ್ನು ಜೋಡಿಸಿದ್ದಾರೆ. ಇದು ಜಾಣತನದ ಏರ್ಪಾಡು. 37 ಅಶ್ವಶಕ್ತಿಯ ಎಂಜಿನ್ನಿಗೆ ಸಾಕು. ಆದರೆ ಇಳಿಜಾರಿನಲ್ಲಿ ಮತ್ತೆ ಮತ್ತೆ ತುಳಿದಾಗ ಡ್ರಮ್ಮು ಕಾದು ಹಿಗ್ಗುತ್ತದೆ, ಪೆಡಲ್ ಕೆಳಕೆಳಗೆ ಹೋಗುತ್ತದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಪೆಡಲಿನ ತುಳಿತವನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರಗಳಿಗೆ ಹೋಗುವುದು ಒಂದೇ ಮಾರ್ಗ. ಎಲ್ಲಿಯೋ ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕುಗಳು ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಮುಂದಿನದಕ್ಕೂ ಹಿಂದಿನದಕ್ಕೂ ಪ್ರತ್ಯೇಕ ಮಾರ್ಗವಿರುವ ಹೊಸ ಮಾಸ್ಟರ್ ಸಿಲಿಂಡರ್, ಇವೆರಡೂ ಬಂದು ಕೂತ ಮೇಲೆಯೇ ಎಂಜಿನ್ನಿನ ಮಾತು. ಡಿಸ್ಕಿಗೆ ಡ್ರಮ್ಮಿನ ಹಾಗೆ ತನ್ನನ್ನು ತಾನೇ ಒತ್ತಿಕೊಳ್ಳುವ ಗುಣವಿಲ್ಲದ ಕಾರಣ ಪೆಡಲನ್ನು ಹೆಚ್ಚು ಬಲವಾಗಿ ತುಳಿಯಬೇಕಾಗುತ್ತದೆ. ತುಳಿತಕ್ಕೆ ಬಲ ಕೂಡಿಸುವ ಸರ್ವೋ ಒಂದು ಬೇಕಾದೀತು. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರಿನಲ್ಲಿ ಕೊಳವೆಯೊಳಗೆ ತುಸು ಒತ್ತಡವನ್ನು ಉಳಿಸಿಕೊಳ್ಳುವ ಸಣ್ಣ ವಾಲ್ವು ಇರುವುದುಂಟು. ಅದನ್ನು ಡಿಸ್ಕಿನ ಮಾರ್ಗದಲ್ಲಿ ಬಿಟ್ಟರೆ ಪ್ಯಾಡು ಸದಾ ಉಜ್ಜುತ್ತಲೇ ಇರುತ್ತದೆ.

ಹಳೆಯ ಮಾಸ್ಟರ್ ಸಿಲಿಂಡರನ್ನು ಬಿಚ್ಚುವ ಕೆಲಸವನ್ನು ನಾನು ನಿನಗಾಗಿ ಉಳಿಸಿಲ್ಲ, ಹೆದರಬೇಡ. ಚಾಲಕರ ಪಾದದಡಿಯಲ್ಲಿ, ನೆಲದಡಿಯ ಪೆಟ್ಟಿಗೆಯಂಥ ತೊಲೆಯೊಳಗೆ ಅದನ್ನು ಹುದುಗಿಸಿಟ್ಟವರು ಯಾರೋ, ಅವರ ಕೈಗೆ ಸ್ಪ್ಯಾನರ್ ಕೊಟ್ಟು ಒಂದು ಮಧ್ಯಾಹ್ನ ಅಲ್ಲಿ ಮಲಗಿಸಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಅದರ ಬೋಲ್ಟುಗಳನ್ನು ಹೊರಗೆಳೆಯಲು ಹೋದರೆ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಅಡ್ಡ ಬರುತ್ತದೆ. ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ, ನಾಲ್ಕನೆಯ ದಿನ ಬಿಚ್ಚಿದೆ. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಕೂಡದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಬ್ರೇಕ್ ಆಯಿಲ್ ಬಣ್ಣವನ್ನು ಸುಲಿದುಹಾಕುತ್ತದೆಂಬುದು ನಿನಗೆ ಗೊತ್ತೇ ಇದೆ. ಎಡ ಮಡ್‌ಗಾರ್ಡಿನ ಮೇಲಿನ ಆ ಕಲೆ ಯಾರ ಕೈಯಿಂದಾದದ್ದೆಂದು ನಾನು ಕೇಳುವುದಿಲ್ಲ.

ಇನ್ನೊಂದು ಷರತ್ತು ಇದೆ. ಹೊಸದಾಗಿ ಹಾಕುವುದೆಲ್ಲ ಬೋಲ್ಟಿನಿಂದ ಕೂರಬೇಕು. ಕತ್ತರಿಸಿ ಕೂರಿಸುವಂಥದ್ದು ಏನೂ ಬೇಡ. ಈ ಮಾತನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನೀನು ಹುಟ್ಟುವ ಮುಂಚೆ, ನನ್ನ ಮೊದಲ ಹಳೆಯ ಕಾರಿನ ಎರಡೂ ಬಾಗಿಲುಗಳಿಗೆ ಸ್ಪೀಕರ್ ಹಾಕಬೇಕೆಂದು ಗುಂಡನೆಯ ತೂತು ಕೊರೆದೆ. ಎರಡು ವರ್ಷದಲ್ಲಿ ಸ್ಪೀಕರ್ ಹಾಳಾಯಿತು, ಅಂಥ ಬಾಗಿಲು ಮತ್ತೆ ಸಿಗಲಿಲ್ಲ. ಆ ತೂತುಗಳಿಗೆ ತಗಡಿನ ತೇಪೆ ಹಾಕಿ ಬೆಸೆದಾಗ ಶಾಖಕ್ಕೆ ಬಾಗಿಲಿನ ಮೈ ಅಲೆಯಲೆಯಾಗಿ ಸೊಟ್ಟಗಾಯಿತು. ಕಾರನ್ನು ಕೊಂಡವರು ಬೆಲೆ ಇಳಿಸಿದ್ದರಿಂದ ನನಗೆ ಅಷ್ಟು ಬೇಸರವಾಗಲಿಲ್ಲ. ಅವರು ಬಾಗಿಲ ಮೇಲೆ ಕೈಯಾಡಿಸಿ ಏನೂ ಹೇಳದೆ ಸುಮ್ಮನಾದದ್ದು ಇಂದಿಗೂ ನೆನಪಿದೆ. ಆದ್ದರಿಂದ 948 ಎಂಜಿನ್ ಗುಜರಿಗೆ ಹೋಗುವುದಿಲ್ಲ. ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಹನಿಸಿ, ಪ್ಲಗ್ ಹಾಕಿ, ಷೆಡ್ಡಿನ ಒಣ ಮೂಲೆಯಲ್ಲಿ ಮರದ ತೊಟ್ಟಿಲ ಮೇಲೆ ಅದನ್ನು ಕೂರಿಸೋಣ. ಆಗಾಗ ಕೈಯಲ್ಲೇ ತಿರುಗಿಸುವ ಹೊಣೆ ನನ್ನದು. ಅದರ ಎಂಜಿನ್ ಸಂಖ್ಯೆ ದಾಖಲೆಯಲ್ಲಿದೆ. ಬದಲಾವಣೆಯನ್ನು ನೋಂದಣಿ ಕಚೇರಿಗೂ ವಿಮೆಯವರಿಗೂ ಮೊದಲೇ ತಿಳಿಸಬೇಕು.

ಕಾರಿನ ಮೈಯ ಬಗ್ಗೆ ಇನ್ನು ಭಯವಿಲ್ಲ. ಹಿಂದಿನ ಮಾಲೀಕರು ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದ ಬಾಗಿಲಡಿಯ ತೊಲೆಗಳನ್ನು ನಾವಿಬ್ಬರೂ ಸುತ್ತಿಗೆಯಿಂದ ತಟ್ಟಿ ನೋಡಿದ ದಿನ ನಿನಗೆ ನೆನಪಿರಬೇಕು; ಕಬ್ಬಿಣದ ಟಣ್ ಎನ್ನುವ ಸದ್ದಿನ ಬದಲು ಮಡಕೆಯ ಸದ್ದು ಬಂದಿತ್ತು. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲದೆ ಮೈಯೇ ಭಾರ ಹೊರುವುದರಿಂದ, ಆ ತೊಲೆಗಳನ್ನು ಕತ್ತರಿಸುವ ಮುನ್ನ ಬಾಗಿಲುಗಳನ್ನು ಹಾಕಿ, ಒಳಗೆ ಅಡ್ಡಗಂಬಿ ಬೆಸೆದು ಬಿಗಿ ಮಾಡಿದೆವು. ಇಲ್ಲದಿದ್ದರೆ ಕಾರು ನಡುವಿನಲ್ಲಿ ಕುಸಿದು, ಮತ್ತೆ ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಈಗ ಬಾಗಿಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿದೆ. ಆದರೆ ಮುಂದಿನ ಚಕ್ರಗಳ ಟ್ರನಿಯನ್ ಎಂಬ ತಿರುಪಿನ ಕೀಲುಗಳಿಗೆ ಗ್ರೀಸ್ ಹಾಕುವುದನ್ನು ಮಾತ್ರ ಎಂದೂ ಮರೆಯಬೇಡ. ಅದರ ಒಳಗಿನ ತಿರುಪಿನ ಎಳೆ ಸವೆದು ಜಾರಿದರೆ ಚಕ್ರ ಸೀದಾ ಮಡ್‌ಗಾರ್ಡಿನಡಿಗೆ ಮಡಚಿಕೊಳ್ಳುತ್ತದೆ.

ನೀನು ಕೇಳಿದ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಲು ನನ್ನ ಅಡ್ಡಿಯಿಲ್ಲ. ಈಗ ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟ್ ಉಜ್ಜಿ ಉಜ್ಜಿ ನನಗೂ ಸಾಕಾಗಿದೆ. ಆದರೆ ನಮ್ಮ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಮೈಗೆ ಅರ್ತ್ ಆಗಿದೆ, ಈಗಿನ ಉಪಕರಣಗಳಲ್ಲಿ ಹೆಚ್ಚಿನವಕ್ಕೆ ನೆಗೆಟಿವ್ ಅರ್ತ್ ಬೇಕು. ಬ್ಯಾಟರಿಯನ್ನು ತಿರುಗಿಸಿ ಹಾಕಿದರಷ್ಟೇ ಮುಗಿಯಲಿಲ್ಲ. ಕಾಯಿಲ್ ತಂತಿಗಳನ್ನು ಅದಲುಬದಲು ಮಾಡಬೇಕು, ಡೈನಮೋದ ಫೀಲ್ಡ್ ತುದಿಗೆ ಕ್ಷಣಮಾತ್ರ ವಿದ್ಯುತ್ ಮುಟ್ಟಿಸಿ ಅದರ ಧ್ರುವವನ್ನೂ ಬದಲಿಸಬೇಕು. ಎಂಜಿನ್ ಹುಡುಕುವಾಗ ಹೆಡ್ಡಿನಲ್ಲಿ ಗಟ್ಟಿಯಾದ ಎಕ್ಸಾಸ್ಟ್ ವಾಲ್ವ್ ಸೀಟು ಹಾಕಿದ್ದಾರೆಯೇ ಎಂದು ವಿಚಾರಿಸು, ಸೀಸವಿಲ್ಲದ ಪೆಟ್ರೋಲಿನಲ್ಲಿ ಹಳೆಯ ಸೀಟು ತಗ್ಗಿಹೋಗುತ್ತದೆ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುವುದರಿಂದ ಇಂಧನದ ಹೋಸ್‌ಗಳನ್ನೆಲ್ಲ ನಾನೇ ಬದಲಿಸುತ್ತೇನೆ. 948ರ ಗೇರ್‌ಬಾಕ್ಸ್ ಹೊಸ ಎಂಜಿನ್ನಿನ ಬಲವನ್ನು ಬಹಳ ದಿನ ತಡೆಯಲಾರದು. 1098ರದ್ದು ಸಿಕ್ಕರೆ ಬಿಡಬೇಡ.

ಹೊಸ ಬ್ರೇಕಿನ ಕೊಳವೆಗಳನ್ನು ನಾನು ಬಗ್ಗಿಸಿ ಕೂರಿಸಿಡುತ್ತೇನೆ, ಆಯಿಲ್ ಮಾತ್ರ ಹಾಕುವುದಿಲ್ಲ. ಕೊಳವೆಯೊಳಗಿನ ಏರ್ ತೆಗೆಯುವುದಕ್ಕೆ ಎರಡು ಜೀವ ಬೇಕು: ಪೆಡಲ್ ತುಳಿಯಲು ಒಂದು, ಚಕ್ರದ ಬಳಿ ಬ್ಲೀಡ್ ನಿಪ್ಪಲ್ ಸಡಿಲಿಸಲು ಇನ್ನೊಂದು. ಹತ್ತು ವರ್ಷದವಳಾಗಿದ್ದಾಗ ನೀನು ಸೀಟಿನ ತುದಿಯಲ್ಲಿ ಕೂತು, ಕಾಲು ಎಟುಕದೆ ಸ್ಟೀರಿಂಗ್ ಹಿಡಿದು ಜಾರುತ್ತ, ನಾನು ಕೆಳಗಿನಿಂದ "ಒತ್ತು, ಹಿಡಿ, ಬಿಡು" ಎಂದು ಕೂಗಿದಂತೆ ತುಳಿಯುತ್ತಿದ್ದೆ. ಈಗ ನನ್ನ ಮೊಣಕಾಲಿಗೆ ನೆಲ ದೂರವಾಗಿದೆ. ಈ ಸಲ ನೀನು ಕೆಳಗೆ ಮಲಗು, ಪೆಡಲ್ ನಾನು ತುಳಿಯುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ