ಹಾಸಿಗೆ ಹಿಡಿದೋರ ಆರೈಕೆಗೆ ದುಡ್ಡು ಯಾರು ಕೊಡ್ಬೇಕು?

ಮಾನ್ಯ ಸಂಪಾದಕರೇ,

ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ, ಇನ್ನೇನು ಚಿಂತೆ ಅಂತ ಆರಾಮಾಗಿರೋರು ಪಾಲಿಸಿ ಪೇಪರ್ ಒಂದ್ಸಲ ತೆಗೆದು ಓದ್ಲಿ. ಆಪರೇಷನ್ನಿಗೆ, ಐಸಿಯುಗೆ ದುಡ್ಡು ಬರುತ್ತೆ ಸರಿ, ಆದ್ರೆ ಸ್ಟ್ರೋಕ್ ಆಗಿ ಮಲಗಿದೋರಿಗೆ ಸ್ನಾನ ಮಾಡ್ಸೋಕೆ, ಊಟ ತಿನ್ಸೋಕೆ, ಬೆನ್ನು ಹುಣ್ಣಾಗದ ಹಾಗೆ ಎರಡೆರಡು ಗಂಟೆಗೆ ಮಗ್ಗಲು ಬದಲಿಸೋಕೆ ಒಬ್ರು ಬೇಕಲ್ಲ, ಅದು ಟ್ರೀಟ್‌ಮೆಂಟ್ ಅಲ್ಲ ಅಂತ ಸಾಮಾನ್ಯವಾಗಿ ಕೈ ಎತ್ತಿಬಿಡ್ತಾರೆ. ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದೋರಿಗೆ ಅಂತ ಇರೋ ಸರ್ಕಾರಿ ವಿಮೆ ಮೆಡಿಕೇರೂ ಅಷ್ಟೇ, ಆಸ್ಪತ್ರೆಯಿಂದ ಬಂದ್ಮೇಲೆ ನರ್ಸಿಂಗ್ ಆರೈಕೆಗೆ ಹೆಚ್ಚೆಂದ್ರೆ 100 ದಿನ, ಅದ್ರಲ್ಲೂ 20 ದಿನ ಕಳೆದ್ಮೇಲೆ ದಿನಾ ಒಂದು ಪಾಲು ಕೈಯಿಂದ ಕಟ್ಬೇಕು. ಉಳಿತಾಯ ಎಲ್ಲ ಕರಗಿ ಹೆಚ್ಚುಕಮ್ಮಿ ಬರಿಗೈ ಆದ್ಮೇಲೇ ಬಡವರಿಗೆ ಅಂತ ಇರೋ ಸರ್ಕಾರಿ ನೆರವು ಮೆಡಿಕೇಡ್ ಸಿಗೋದು. ಇದ್ಯಾವ ನ್ಯಾಯ ಸ್ವಾಮಿ, ಜೀವಮಾನ ಪೂರ್ತಿ ಕೂಡಿಟ್ಟೋರಿಗೆ ಶಿಕ್ಷೆ ಕೊಟ್ಟಂಗೆ!

ಜರ್ಮನಿ 1995ರಲ್ಲೇ ಇದಕ್ಕೇ ಅಂತ ಬೇರೆ ವಿಮೆ ಶುರು ಮಾಡ್ತು, ಜಪಾನ್ 2000ದಲ್ಲಿ. ಜಪಾನಲ್ಲಿ 40 ದಾಟಿದೋರು ಕಂತು ಕಟ್ತಾರೆ, ಆರೈಕೆ ಬೇಕಾದಾಗ ಹೆಚ್ಚಿನೋರು ಖರ್ಚಿನ ಶೇ 10ರಷ್ಟು ಕೊಟ್ರೆ ಸಾಕು, ಆದಾಯ ಜಾಸ್ತಿ ಇದ್ರೆ ಶೇ 20 ಇಲ್ಲಾ 30. ಜರ್ಮನಿಯ ವಿಮೆ ಪೂರ್ತಿ ಭರಿಸಲ್ಲ, ಆರೈಕೆ ಕೇಂದ್ರದ ರೂಮು ಊಟದ ಖರ್ಚು ಅಲ್ಲಿರೋರದ್ದೇ, ಆದ್ರೂ ಏನೂ ಇಲ್ಲದಕ್ಕಿಂತ ವಾಸಿ.

ಮನೇಲೇ ನೋಡ್ಕೊಂಡ್ರೆ ಫ್ರೀ ಅನ್ನೋರಿಗೆ ಒಂದು ಮಾತು, ಮಗಳೋ ಸೊಸೆಯೋ ಕೆಲಸ ಬಿಟ್ರೆ ಹೋಗೋ ಸಂಬಳ, ಪಿಂಚಣಿ ಯಾವ ಲೆಕ್ಕಕ್ಕೆ ಬರುತ್ತೆ? ಇನ್ನು ಆರೈಕೆ ಕೇಂದ್ರಕ್ಕೆ ಸೇರಿಸೋರು ಡಯಾಪರ್, ಫಿಸಿಯೋಥೆರಪಿ, ಆಕ್ಸಿಜನ್ ತಿಂಗಳ ಚಾರ್ಜಲ್ಲೇ ಸೇರಿದ್ಯಾ, ಬೇರೇನಾ ಅಂತ ಬರಹದಲ್ಲಿ ತಗೊಳ್ಳಿ, ಬಾಯಿಮಾತು ನಂಬ್ಬೇಡಿ.

— ಒಬ್ಬ ಓದುಗ