ಹಲ್ಲು ಮೂಡುವ ಮಕ್ಕಳಿಗೆ ತಣ್ಣನೆಯ ಕ್ಯಾರೆಟ್
ನಮಸ್ಕಾರ. ಹಲ್ಲು ಮೂಡುವ ಮಗುವಿಗೆ ಚೀಪಲು ತಣ್ಣನೆಯ ಕ್ಯಾರೆಟ್ ಹೇಗೆ ಕೊಡುವುದು ಎಂದು ಹಲವರು ಬಿಡಿಬಿಡಿಯಾಗಿ ಕೇಳಿದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ. ಇದು 6 ತಿಂಗಳು ತುಂಬಿ, ಹಾಲಿನ ಜೊತೆ ಮೇಲಿನ ಆಹಾರವೂ ರೂಢಿಯಾಗಿರುವ ಮಕ್ಕಳಿಗೆ ಮಾತ್ರ.

ಕ್ಯಾರೆಟ್ ಅಥವಾ ಸಿಹಿಗೆಣಸನ್ನು ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಹಬೆಯಲ್ಲಿ ಬೇಯಿಸಿ, ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಬೆರೆಸಿ ನುಣ್ಣಗೆ ರುಬ್ಬಿ, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ. ದಿನಾಂಕ ಬರೆದಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಗಟ್ಟಿ ತುಂಡನ್ನು ಹಾಗೆಯೇ ಕೊಡಬಾರದು; ಸ್ವಲ್ಪ ಕರಗಿದ ಮೇಲೆ, ಸಣ್ಣ ತೂತುಗಳಿರುವ, ಮಗು ಹಿಡಿದು ಚೀಪುವ ಸಿಲಿಕೋನ್ ಫೀಡರ್‌ಗೆ ಹಾಕಿ ಕೊಡಿ, ಪಕ್ಕದಲ್ಲೇ ಕುಳಿತಿರಿ. ಚೀಪಿ ಉಳಿದದ್ದನ್ನು ಮತ್ತೆ ಫ್ರೀಜರ್‌ಗೆ ಇಡದೆ ಎಸೆಯಿರಿ.

ಹಸಿ ಕ್ಯಾರೆಟ್ ಕಡಿಯಲು ಕೊಡುವ ಸಲಹೆ ನನಗಂತೂ ಒಪ್ಪಿಗೆಯಿಲ್ಲ. ಮುರಿದ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಉಪ್ಪು, ಸಕ್ಕರೆ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ಖಂಡಿತ ಬೇಡ.

ಅಂದಹಾಗೆ, ಹಳೆಯ ಅಂಗಿ ತೊಡಿಸಿ. ಕ್ಯಾರೆಟ್ ಕಲೆ ಸುಲಭಕ್ಕೆ ಬಿಡುವುದಿಲ್ಲ!